ದೂರು ಕೇಳುವವರಿಲ್ಲದ ಇ-ಅಂಚೆ

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶದ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಮಕ್ಕಳನ್ನು ಹೊರಗೆ ಕರೆತರಲಾಯಿತು. ಪೋಷಕರು ಶಾಲೆಗಳತ್ತ ಧಾವಿಸಿದರು. ಬೆದರಿಕೆ ಹುಸಿಯಾಗಿತ್ತು. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣಕ್ಕೂ ಇಂಥ ಸಂದೇಶಗಳು ಬಂದಿವೆ. ಪ್ರತಿ ಸಲವೂ ಚರ್ಚೆ, ಕಳುಹಿಸಿದವರು ಯಾರು ಎಂಬಲ್ಲಿಗೇ ನಿಲ್ಲುತ್ತದೆ. ಅವರಿಗೆ ಖಾತೆ ಒದಗಿಸಿದ ಸಂಸ್ಥೆಯ ಹೊಣೆಯೇನು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ.

ಈ ಹೊಣೆ ಹೊಸದೇನಲ್ಲ. ಇ-ಮೇಲ್ ವ್ಯವಸ್ಥೆಯ ಪ್ರತಿ ತಾಣಕ್ಕೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಬೇಕೆಂದು 1982ರ ತಾಂತ್ರಿಕ ಮಾನದಂಡವೇ ಹೇಳಿತ್ತು. ದುರ್ಬಳಕೆಯ ದೂರುಗಳಿಗೆ ‘ಅಬ್ಯೂಸ್’ ಎಂಬ ಪ್ರತ್ಯೇಕ ವಿಳಾಸವನ್ನು 1997ರ ಮಾನದಂಡ ಸೂಚಿಸಿತು. ಕಾಗದ ತಲುಪದಿದ್ದರೆ ದೊಡ್ಡಬಳ್ಳಾಪುರದ ನಾಗರಿಕರು ಅಂಚೆ ಕಚೇರಿಗೆ ಹೋಗಿ ಕೇಳಬಲ್ಲರು. ಅದೇ ಊರಿನ ಶಾಲೆಯೊಂದರ ಇ-ಮೇಲ್ ಕಾರಣವಿಲ್ಲದೆ ತಿರಸ್ಕೃತವಾದರೆ ಯಾರನ್ನು ಕೇಳುವುದು? ಹಲವೆಡೆ ಸಿಗುವುದು ಯಂತ್ರದ ಸಿದ್ಧ ಉತ್ತರವಷ್ಟೆ.

ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯ ವಿವರ ಪ್ರಕಟಿಸಬೇಕು. ದೂರು ತಲುಪಿದ್ದನ್ನು 24 ಗಂಟೆಗಳೊಳಗೆ ತಿಳಿಸಬೇಕು. ಆದರೆ ಕಚೇರಿ ಹೊರದೇಶದಲ್ಲಿದ್ದರೆ ನಿಯಮ ಪಾಲಿಸುವಂತೆ ಮಾಡುವುದು ಕಷ್ಟ. ಆಗ ವ್ಯವಸ್ಥೆಯ ಕಣ್ಣು ನಿಷೇಧದತ್ತ ಹೊರಳುತ್ತದೆ. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳನ್ನು ಗುರಿಯಾಗಿಸಿದ ಅಶ್ಲೀಲ ಇ-ಮೇಲ್‌ಗಳ ಪ್ರಕರಣದಲ್ಲಿ, ಸ್ವಿಟ್ಜರ್ಲೆಂಡ್‌ನ ಪ್ರೋಟಾನ್ ಮೇಲ್ ಅನ್ನು ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್ 29ರಂದು ಕೇಂದ್ರಕ್ಕೆ ನಿರ್ದೇಶಿಸಿತು. ಆ ಮಹಿಳೆಯರ ನೋವಿಗೆ ಪರಿಹಾರ ಸಿಗಲೇಬೇಕು. ಆದರೆ ಇಡೀ ಸೇವೆಯನ್ನೇ ಮುಚ್ಚಿದರೆ, ಗೋಪ್ಯತೆಗಾಗಿ ಅದನ್ನು ನೆಚ್ಚಿಕೊಂಡ ವಕೀಲರು, ಪತ್ರಕರ್ತರೂ ದಂಡ ತೆರಬೇಕಾಗುತ್ತದೆ. ದುಷ್ಕರ್ಮಿ ಮತ್ತೊಂದು ಸೇವೆಯ ಮೊರೆ ಹೋಗುತ್ತಾನೆ.

ದೂರಿಗೆ ಸ್ಪಂದಿಸುವುದೆಂದರೆ ಎಲ್ಲರ ಪತ್ರ ಒಡೆದು ಓದುವುದಲ್ಲ. ಬೆದರಿಕೆಯ ಪತ್ರ ದೂರುದಾರರ ಕೈಯಲ್ಲೇ ಇರುತ್ತದೆ. ಅದನ್ನು ಪರಿಶೀಲಿಸಿ ಸಂಸ್ಥೆ ಖಾತೆಯನ್ನು ತಡೆಹಿಡಿಯಬಹುದು. ಕಾನೂನುಬದ್ಧ ಆದೇಶ ಕೈಸೇರುವವರೆಗೆ ತನ್ನಲ್ಲಿರುವ ದಾಖಲೆಗಳನ್ನು ಅಳಿಸದೆ ಕಾಯ್ದಿಡಬಹುದು. ದೂರೇ ಸುಳ್ಳಾಗಿರಲೂಬಹುದು. ಆದ್ದರಿಂದ ಈ ತೀರ್ಮಾನವನ್ನು ಯಂತ್ರಕ್ಕೆ ಬಿಡದೆ ಮನುಷ್ಯರೇ ಕೈಗೊಳ್ಳಬೇಕು. ಖಾತೆದಾರರಿಗೆ ಮೇಲ್ಮನವಿಯ ಅವಕಾಶವೂ ಇರಬೇಕು.

ಇದಕ್ಕೆ ಖರ್ಚಾಗುತ್ತದೆ, ನಿಜ. ಆದರೆ ಸಂಸ್ಥೆಗಳು ಈ ಖರ್ಚು ಉಳಿಸಿದರೆ ಅದರ ಹೊರೆಯನ್ನು ಪೊಲೀಸರು, ಶಾಲೆಗಳು, ಪೋಷಕರು ಹೊರಬೇಕಾಗುತ್ತದೆ. ನಿಷೇಧದ ಮಾತಿಗೆ ಮುನ್ನ ಸರ್ಕಾರ ಕೇಳಬೇಕಾದ್ದು ಒಂದೇ: ನಿಮ್ಮ ದೂರಿನ ವಿಳಾಸ ಯಾವುದು, ಅದಕ್ಕೆ ಬಂದದ್ದನ್ನು ಓದುವವರು ಯಾರು?