ಇಲ್ಲೇ ಹೋಗಿ ಬರ್ತೀನಿ

ರಾತ್ರಿ ಬೈಕ್ ಸವಾರಿ ಅಂದರೆ ನಮ್ಮ ಹುಡುಗರಿಗೆ ನಂದಿಬೆಟ್ಟವೇ ಆಗಬೇಕು. ಅದಕ್ಕೆ ಹೊರಡುವಾಗಿನ ಸಡಗರ ನೋಡಬೇಕು: ಮೊಣಕಾಲಿಗೆ ಕವಚ, ಕೈಗೆ ಗ್ಲೌಸು, ಗಲ್ಲದವರೆಗೆ ಮುಚ್ಚುವ ಹೆಲ್ಮೆಟ್ಟು, ಹಿಂದಿನ ದಿನವೇ ಚೈನಿಗೆ ಎಣ್ಣೆ. ಅದೇ ಹುಡುಗ ರಾತ್ರಿ ಹನ್ನೊಂದಕ್ಕೆ ಅಕ್ಕನನ್ನು ಕರೆತರಲು ಮೂಡಲಪಾಳ್ಯದಿಂದ ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ನಿಗೆ ಹೊರಟರೆ ಚಡ್ಡಿ, ಹವಾಯಿ ಚಪ್ಪಲಿ, ಬರಿ ತಲೆ. ‘ಹೆಲ್ಮೆಟ್ ಹಾಕ್ಕೊಳ್ಳೋ’ ಅಂತ ಅಮ್ಮ ಒಳಗಿಂದ ಕೂಗಿದರೆ, ‘ಇಲ್ಲೇ ಹೋಗಿ ಬರ್ತೀನಮ್ಮಾ, ಈ ಹೊತ್ತಲ್ಲಿ ಯಾವ ಪೊಲೀಸ್ ಇರ್ತಾರೆ’ ಎನ್ನುವುದರೊಳಗೆ ಗಾಡಿ ಗೇಟು ದಾಟಿರುತ್ತದೆ. ನನ್ನ ತಕರಾರು ನಂದಿಬೆಟ್ಟದ ಬಗ್ಗೆ ಅಲ್ಲ, ಈ ಎರಡು ಕಿಲೋಮೀಟರ್ ಬಗ್ಗೆ.

ಸಂಚಾರಿ ವಿಜಯ್ ಕೂಡ ದೂರಪ್ರಯಾಣಕ್ಕೇನೂ ಹೊರಟಿರಲಿಲ್ಲ. 2021ರ ಜೂನ್ 12ರ ರಾತ್ರಿ, ಜೆ.ಪಿ. ನಗರ 7ನೇ ಹಂತದಲ್ಲಿ ಸ್ನೇಹಿತನ ಬೈಕಿನ ಹಿಂದೆ ಕೂತಿದ್ದರು. ಮಳೆಗೆ ನೆಂದಿದ್ದ ರಸ್ತೆಯಲ್ಲಿ ಬೈಕು ಜಾರಿ ವಿದ್ಯುತ್ ಕಂಬಕ್ಕೆ ಬಡಿಯಿತು. ಅವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಮೂವತ್ತೇಳನೇ ವಯಸ್ಸಿಗೆ ಹೋಗಿಬಿಟ್ಟರು. ಅವರ ಅಂಗಾಂಗ ದಾನ ಮಾಡಿದ ಕುಟುಂಬವನ್ನು ನಾಡೇ ಕೊಂಡಾಡಿತು, ಕೊಂಡಾಡಬೇಕಾದ್ದೇ. ಆದರೆ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ರಾಜ್ಯದಲ್ಲಿ 2016ರ ಜನವರಿಯಲ್ಲೇ ಜಾರಿಯಾಗಿತ್ತಲ್ಲ ಎಂಬ ಮಾತು ಅಷ್ಟು ಜೋರಾಗಿ ಕೇಳಿಸಲಿಲ್ಲ. ಇವತ್ತಿಗೂ ವಿಜಯನಗರದಲ್ಲಿ ಹಗಲು ಹಿಂದೆ ಕೂತವರ ತಲೆ ಮೇಲೆ ಇರುವ ಹೆಲ್ಮೆಟ್ಟು ರಾತ್ರಿ ಒಂಬತ್ತಾಗುತ್ತಿದ್ದಂತೆ ಮೊಣಕೈಗೆ ಇಳಿದಿರುತ್ತದೆ. ಐನೂರು ರೂಪಾಯಿ ದಂಡದಿಂದ ತಲೆಯನ್ನು ಕಾಪಾಡುವ ವಸ್ತು ಅದು ಎಂದು ನಾವು ತೀರ್ಮಾನಿಸಿಯಾಗಿದೆ.

ಹಗಲಿನಲ್ಲಿ ಕಾರ್ಡ್ ರೋಡ್‌ನಲ್ಲಿ ನಮ್ಮನ್ನು ಕಾಯುವುದು ಟ್ರಾಫಿಕ್ಕೇ. ಮಾರುತಿ ಮಂದಿರದ ಬಳಿ ಸಂಜೆ ಆರಕ್ಕೆ ಯಾರಿಗೂ ಇಪ್ಪತ್ತರ ಮೇಲೆ ಹೋಗಲು ಆಗುವುದಿಲ್ಲ. ತಗುಲಿದರೂ ಕನ್ನಡಿ ಮುರಿದೀತು, ಜಗಳವಾದೀತು, ಅಷ್ಟೆ. ರಾತ್ರಿ ಹನ್ನೊಂದಕ್ಕೆ ಅದೇ ರಸ್ತೆ ಬರಿದಾಗುತ್ತದೆ. ಇಡೀ ದಿನ ಕ್ಲಚ್ ಹಿಡಿದು ಹಿಡಿದು ಬೇಸತ್ತ ಕೈ ಆಗ ತಾನಾಗಿಯೇ ತಿರುಗುತ್ತದೆ. ಅದರ ಮೇಲೆ, ಇಲ್ಲಿ 2015ರ ನವೆಂಬರಿನಿಂದ ಮೆಟ್ರೊ ಓಡುತ್ತಿದೆ. ನಡುವೆ ಸಾಲು ಕಂಬ, ತಲೆ ಮೇಲೆ ಕಾಂಕ್ರೀಟು. ಆಚೆ ಬದಿಯ ದೀಪದ ಬೆಳಕನ್ನು ಕಂಬ ತಡೆಯುತ್ತದೆ, ಕೊನೆಯ ರೈಲು ಇಳಿದ ಮನುಷ್ಯ ಎರಡು ಕಂಬಗಳ ಮಧ್ಯದಿಂದಲೇ ರಸ್ತೆಗೆ ಕಾಲಿಡುತ್ತಾನೆ. ಅವನ ಕೈಯಲ್ಲಿ ಫೋನು, ಮೈಮೇಲೆ ಕಪ್ಪು ಜರ್ಕಿನ್.

ಅವನು ನಿಮಗೆ ಕಾಣುವುದು ಎಷ್ಟು ದೂರದಿಂದ? ಬೈಕಿನ ಡಿಮ್ ಲೈಟು ರಸ್ತೆಯನ್ನು ಚೆನ್ನಾಗಿ ತೋರುವುದು ಹೆಚ್ಚೆಂದರೆ 30–40 ಮೀಟರ್. ಕಂಡದ್ದು ತಲೆಗೆ ಹೊಳೆದು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಒಳ್ಳೆಯ ಟೈರು, ಒಣ ರಸ್ತೆ ಇದ್ದರೂ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 48. ಅಂದರೆ ಬೆಳಕು ಮುಗಿದ ಮೇಲೂ ಗಾಡಿ ಓಡುತ್ತಲೇ ಇರುತ್ತದೆ. 40ರ ವೇಗದಲ್ಲಿ ಇದೇ ಲೆಕ್ಕ 27 ಮೀಟರಿಗೆ ಮುಗಿಯುತ್ತದೆ. ನಾಲ್ಕು ವರ್ಷದೊಳಗಿನ ಮಗು ಹಿಂದೆ ಕೂತಿದ್ದರೆ 40 ಮೀರಬಾರದೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ರಾತ್ರಿಯ ಮಟ್ಟಿಗೆ ಎಲ್ಲರೂ ಮಗು ಕೂರಿಸಿಕೊಂಡವರಂತೆ ಓಡಿಸಿದರೆ ನಷ್ಟವೇನು? ಅತ್ತಿಗುಪ್ಪೆಯಿಂದ ಮೂಡಲಪಾಳ್ಯಕ್ಕೆ ಹೆಚ್ಚಾಗುವುದು ಒಂದು ನಿಮಿಷ.

ಒಳರಸ್ತೆಗಳ ಕಥೆ ಬೇರೆ. ಅಲ್ಲಿ ಹಂಪುಗಳಿವೆ. ಹಂಪಿನಗರಕ್ಕೆ ಆ ಹೆಸರು ಬಂದದ್ದು ಹಂಪೆಯಿಂದ, ನಿಜ; ರಾತ್ರಿ ಗಾಡಿಯಲ್ಲಿ ಹೋದವರಿಗೆ ಬೇರೆ ಅನುಮಾನ ಬಂದರೆ ತಪ್ಪಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪಿಗೆ ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೇಲೆ ಬಣ್ಣದ ಪಟ್ಟೆ, ಮುಂಚೆಯೇ ಎಚ್ಚರಿಕೆ ಫಲಕ. ನಮ್ಮ ಕ್ರಾಸ್‌ಗಳಲ್ಲಿ ಮನೆ ಮುಂದಿನವರ ಒತ್ತಾಯಕ್ಕೆ ಒಂದು ಲೋಡು ಟಾರು ಸುರಿದು ಹೋಗಿರುತ್ತಾರೆ. ಅಗಲ ಒಂದು ಮೊಳ, ಬಣ್ಣ ಟಾರಿನದೇ. ಹಗಲು ಸೊಂಟ ನೋಯಿಸುವ ಇದು ರಾತ್ರಿ ಆಳನ್ನೇ ಎತ್ತಿ ಹಾಕುತ್ತದೆ. ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತ ಹೆಂಗಸರೇ ಮೊದಲು ಬೀಳುವವರು. ವೇಗ ತಗ್ಗಿಸಲೆಂದು ಹಾಕಿದ ಹಂಪಿಗೆ ಬಿಳಿ ಬಣ್ಣ ಬಳಿಯದ ಪಾಲಿಕೆ, ಅದನ್ನು ಹಾಕದೆ ಇದ್ದಿದ್ದರೇ ವಾಸಿಯಿತ್ತು. ಬೀದಿನಾಯಿಗಳ ವಿಷಯಕ್ಕೆ ಹೋದರೆ ಇನ್ನೊಂದು ಅಂಕಣವೇ ಬೇಕು. ಅಟ್ಟಿಸಿಕೊಂಡು ಬಂದಾಗ ಆಕ್ಸಲರೇಟರ್ ತಿರುಗಿಸಬೇಡಿ, ಕಾಲು ಎತ್ತಿ ಒದೆಯಬೇಡಿ. ನಿಧಾನ ಮಾಡಿದರೆ ಹೆಚ್ಚಿನ ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ಇನ್ನು ಲೈಟು. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಿಗೆಲ್ಲ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಎಂಜಿನ್ ಜೊತೆಗೇ ಹೊತ್ತಿಕೊಳ್ಳುತ್ತದೆ. ಒಳ್ಳೆಯದೇ ಆಯಿತು. ಆದರೆ ಹೊತ್ತಿದೆಯಲ್ಲ ಎಂದು ಅದರ ಕಡೆ ನೋಡುವುದನ್ನೇ ಬಿಟ್ಟೆವು. ಡಿಮ್ ಸುಟ್ಟುಹೋದದ್ದು ಗೊತ್ತಾಗದೆ, ಗೊತ್ತಾದರೂ ಸರಿಮಾಡಿಸದೆ, ತಿಂಗಳುಗಟ್ಟಲೆ ಬ್ರೈಟಿನಲ್ಲೇ ಓಡಿಸುವವರಿದ್ದಾರೆ. ಹಿಂದೆ ಭಾರ ಕೂತಾಗ ಗಾಡಿಯ ಹಿಂಭಾಗ ತಗ್ಗಿ ಲೈಟು ಮೇಲಕ್ಕೇಳುತ್ತದೆ. ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೆಡ್‌ಲೈಟ್ ಬಳಿ ಇದಕ್ಕೆಂದೇ ಒಂದು ಸ್ಕ್ರೂ ಇದೆ, ಮೆಕ್ಯಾನಿಕ್ ಎರಡು ನಿಮಿಷದಲ್ಲಿ ಸರಿಮಾಡುತ್ತಾನೆ. ಸರ್ವಿಸಿಗೆ ಬಿಡುವಾಗ ಆಯಿಲ್ ಬದಲಿಸು, ತೊಳೆ, ಪಾಲಿಶ್ ಮಾಡು ಎನ್ನುವವರು ಇದನ್ನು ಹೇಳಿದ್ದು ನಾನು ಕೇಳಿಲ್ಲ. ಬದಲಿಗೆ ಹ್ಯಾಂಡಲ್ ಮೇಲೆ ಇನ್ನೆರಡು ಬಿಳಿ ಎಲ್‌ಇಡಿ ಕಟ್ಟಿಸಿಕೊಂಡು ಬರುತ್ತಾರೆ. ಅಂಥವರು ಎದುರಾದಾಗ ಬೆಳಕನ್ನು ದಿಟ್ಟಿಸದೆ ರಸ್ತೆಯ ಎಡ ಅಂಚು ನೋಡುತ್ತಾ ವೇಗ ಇಳಿಸುವುದೊಂದೇ ದಾರಿ. ಹೆಲ್ಮೆಟ್ಟಿನ ಗಾಜು ಗೀರುಬಿದ್ದಿದ್ದರೆ ಅದೇ ಬೆಳಕು ಮುಖದ ತುಂಬ ಚದುರಿ ಏನೂ ಕಾಣದು, ಕಪ್ಪು ಗಾಜಿನ ಮಾತಂತೂ ಬೇಡ.

ರಾತ್ರಿ ಹನ್ನೆರಡಕ್ಕೆ ಊಟ ತಂದುಕೊಡುವ ಡೆಲಿವರಿ ಹುಡುಗರಿಗೆ ನಿಧಾನ ಹೋಗಿ ಎಂದು ಬರೆಯಲು ನನಗೆ ಮುಜುಗರ. ಅವರಿಗೆ ‘ಎಲ್ಲಿದೀಯಪ್ಪಾ’ ಎಂದು ಫೋನ್ ಮಾಡುವವರು ನಾವೇ. ಗಾಡಿ ಓಡಿಸುತ್ತಲೇ ಅದನ್ನು ಎತ್ತುವವರು ಅವರು.

‘ಎಲ್ಲರೂ ಹಾರಿಕೊಂಡು ಹೋಗುವಾಗ ನಾನೊಬ್ಬ ನಲವತ್ತರಲ್ಲಿ ಹೋದರೆ ಹಿಂದಿನಿಂದ ಕಾರಿನವನು ಗುದ್ದಲ್ವಾ ಸಾರ್?’ ಎಂಬ ಪ್ರಶ್ನೆಯೂ ಇದೆ. ಸುಳ್ಳಲ್ಲ, ಗುದ್ದಬಹುದು. ಎಡಕ್ಕೆ ಸರಿದುಕೊಳ್ಳಿ, ಆದರೆ ನಿಂತ ಲಾರಿ ಮತ್ತು ಚರಂಡಿ ಕಲ್ಲಿಗೆ ಒಂದೆರಡು ಮಾರು ಜಾಗ ಬಿಟ್ಟು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ಮನೆಯವರನ್ನು ಹಿಂದೆ ನಿಲ್ಲಿಸಿ ನೋಡಿ, ಕೂತಲ್ಲಿಂದ ನಿಮಗೆ ಅದು ಕಾಣುವುದಿಲ್ಲ. ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್ ಟೇಪು ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ತುಂಡನ್ನು ಹಿಂದಿನ ಮಡ್‌ಗಾರ್ಡಿಗೂ ಇನ್ನೊಂದನ್ನು ಹೆಲ್ಮೆಟ್ಟಿನ ಹಿಂಬದಿಗೂ ಅಂಟಿಸಿ. ಎರಡನೆಯದು ಉಪಯೋಗಕ್ಕೆ ಬರಬೇಕಾದರೆ ಹೆಲ್ಮೆಟ್ಟು ತಲೆಯ ಮೇಲಿರಬೇಕು.