ಯೂನಿಯನ್ ಕಾರ್ಡ್ ಬೇರೆ, ಓಟು ಬೇರೆ

ಚುನಾವಣೆ ಹತ್ತಿರ ಬಂದರೆ ಒಂದು ಮಾತು ಎಲ್ಲ ಕಡೆ ಕೇಳುತ್ತದೆ: "ಯೂನಿಯನ್ ಲೀಡರನ್ನು ಹಿಡಿದರೆ ಸಾಕು, ಅಷ್ಟೂ ಓಟು ನಮ್ಮದೇ." ಕಾರ್ಮಿಕರನ್ನು ಗೋದಾಮಿನ ಮೂಟೆಗಳ ಹಾಗೆ ಎಣಿಸುವ ಈ ಲೆಕ್ಕ ತಪ್ಪು ಎಂಬುದು ನನ್ನ ಅಭಿಪ್ರಾಯ.

ನಮ್ಮ ದಾವಣಗೆರೆಯನ್ನೇ ನೋಡಿ. ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಕಾರ್ಮಿಕ ನಾಯಕ ಪಂಪಾಪತಿಯವರು ಸಿಪಿಐನಿಂದ 1978, 1983 ಮತ್ತು 1985ರಲ್ಲಿ ಇಲ್ಲಿಂದ ಶಾಸಕರಾದರು. ರಾಜ್ಯದಲ್ಲಿ ಸರ್ಕಾರ ಬದಲಾಯಿತು, ಇಲ್ಲಿನ ಶಾಸಕ ಬದಲಾಗಲಿಲ್ಲ. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಿಪಿಐ ಮತ್ತೆ ಇಲ್ಲಿ ಗೆಲ್ಲಲಿಲ್ಲ. ದುಡಿಯುವವರು ಊರು ಬಿಟ್ಟು ಹೋದರೇ? ಇಲ್ಲ. ಅವರು ದಿನವೂ ಸೇರಿ ಮಾತಾಡುತ್ತಿದ್ದ ಗಿರಣಿಯ ಗೇಟು ಹೋಯಿತು.

ಮುಂಬೈ ಕಥೆ ಇನ್ನೂ ಸ್ವಾರಸ್ಯವಾಗಿದೆ. ಗಿರಣಿ ಕಾರ್ಮಿಕರೇ ತುಂಬಿದ್ದ ಪರೇಲಿನಲ್ಲಿ 1970ರ ಉಪಚುನಾವಣೆಯಲ್ಲಿ ಕಮ್ಯುನಿಸ್ಟರನ್ನು ಸೋಲಿಸಿ ಶಿವಸೇನೆ ಗೆದ್ದಿತು. ಬೋನಸ್ಸಿಗೆ ಕೆಂಪು ಬಾವುಟ ಹಿಡಿದ ಎಷ್ಟೋ ಕೈಗಳು ಓಟನ್ನು ಭಾಷೆಯ ಹೆಸರಿನಲ್ಲಿ ಹಾಕಿದವು. 1982ರಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ದೊಡ್ಡ ಮುಷ್ಕರ ನಡೆಯಿತು. ಕಾರ್ಮಿಕರಿಗೆ ಬೇಕಾದದ್ದು ಸಿಗಲಿಲ್ಲ. ಆದರೂ 1984ರಲ್ಲಿ, ದೇಶವೆಲ್ಲ ಕಾಂಗ್ರೆಸ್ ಅಲೆಯಲ್ಲಿದ್ದಾಗ, ಅದೇ ಗಿರಣಿ ಪ್ರದೇಶ ಸಾಮಂತರನ್ನು ಲೋಕಸಭೆಗೆ ಕಳಿಸಿತು. ಕಷ್ಟದಲ್ಲಿ ಜೊತೆಗಿದ್ದವರು ಯಾರು ಎಂಬುದನ್ನು ಜನ ಮರೆಯಲಿಲ್ಲ.

ಅಂದರೆ ಯೂನಿಯನ್ ಹೇಳಿದ್ದು ಒಮ್ಮೆ ನಡೆಯುತ್ತದೆ, ಒಮ್ಮೆ ನಡೆಯುವುದಿಲ್ಲ. ಏಕೆಂದರೆ ಕಾರ್ಮಿಕನಿಗೆ ಕಾರ್ಖಾನೆಯ ಜೊತೆಗೆ ಓಣಿ, ಜಾತಿ, ಧರ್ಮ, ಭಾಷೆ, ಮನೆಯ ಸಾಲ ಎಲ್ಲವೂ ಇರುತ್ತವೆ. ಮತಗಟ್ಟೆಯೊಳಗೆ ಇವೆಲ್ಲವೂ ಅವನ ಜೊತೆಗೇ ಹೋಗುತ್ತವೆ.

ನನ್ನ ನಾನಿ ಬೀಡಿ ಕಟ್ಟುತ್ತಾರೆ, ಯೂನಿಯನ್ ಸದಸ್ಯೆ. ಸಾವಿರ ಬೀಡಿಗೆ ಮಜೂರಿ ಹೆಚ್ಚಿಸಿ ಎಂದು ಧರಣಿಗೆ ಹೋಗಿ ಕುಳಿತವರು. ಆದರೆ ಓಟು ಯಾರಿಗೆ ಎಂದು ಮಾಮೂ ಕೇಳಿದರೂ ಹೇಳುವುದಿಲ್ಲ. "ಯೂನಿಯನ್ ಮಜೂರಿಗೆ. ಓಟು ನೀರಿಗೆ, ರೇಷನ್ನಿಗೆ, ಮಕ್ಕಳು ರಾತ್ರಿ ಮನೆಗೆ ಸುಖವಾಗಿ ಬರುವುದಕ್ಕೆ" ಎನ್ನುತ್ತಾರೆ. ಬೀಡಿ ಕಟ್ಟುವ ಹೆಂಗಸರು ತಮ್ಮ ತಮ್ಮ ಮನೆ ಬಾಗಿಲಲ್ಲಿ ಒಬ್ಬೊಬ್ಬರೇ ಕೂತು ದುಡಿಯುತ್ತಾರೆ. ಅವರಿಗೆ ಗಿರಣಿಯ ಗೇಟು ಎಂದೂ ಇರಲಿಲ್ಲ. ಅವರಿಗೆ ಓಟಿನ ವಿಷಯ ತಲುಪುವುದು ಓಣಿಯಿಂದ, ಮನೆಯ ಗಂಡಸರಿಂದ, ಈಗ ಮೊಬೈಲಿನಿಂದ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇಷ್ಟವಾದ ಒಂದು ವಿಷಯವಿದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆಯು ರಾಜಕೀಯ ಖರ್ಚಿಗೆ ಪ್ರತ್ಯೇಕ ನಿಧಿ ಇರಬೇಕು, ಅದಕ್ಕೆ ಹಣ ಕೊಡಲೇಬೇಕೆಂದು ಸದಸ್ಯರನ್ನು ಒತ್ತಾಯಿಸಬಾರದು ಎಂದಿತು. ಚಂದಾ ಕೊಟ್ಟ ಮಾತ್ರಕ್ಕೆ ಸದಸ್ಯನ ರಾಜಕೀಯವೂ ಸಂಘದ್ದಾಗುವುದಿಲ್ಲ ಎಂದು ಸುಮಾರು ನೂರು ವರ್ಷದ ಹಿಂದೆಯೇ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದಿದ್ದರು.

ಹಾಗಾದರೆ ಯೂನಿಯನ್‌ಗಳು ರಾಜಕೀಯ ಮಾತಾಡಬಾರದೇ? ಖಂಡಿತ ಮಾತಾಡಬೇಕು. ಕನಿಷ್ಠ ಕೂಲಿ, ಪಿಎಫ್, ಪಿಂಚಣಿ ಎಲ್ಲವೂ ಸರ್ಕಾರದ ಕೈಯಲ್ಲಿವೆ. ಆದರೆ "ಇಂಥವರಿಗೆ ಹಾಕಿ" ಎನ್ನುವ ಮೊದಲು "ಇವರು ಐದು ವರ್ಷದಲ್ಲಿ ನಿಮ್ಮ ಕೂಲಿಗೆ ಏನು ಮಾಡಿದರು" ಎಂದು ಲೆಕ್ಕ ಕೊಡಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನ ಹಕ್ಕು, ದಿನಗೂಲಿಯವರಿಗೂ ಅದು ಸಲ್ಲುತ್ತದೆ ಎಂದು ಎಷ್ಟು ಜನರಿಗೆ ಗೊತ್ತು? ಇದನ್ನು ತಿಳಿಸುವುದೂ ಯೂನಿಯನ್ ಕೆಲಸವೇ.

ಇದು ನಮಗೂ ಸಂಬಂಧಿಸಿದ ಮಾತು. "ಮುಸ್ಲಿಮರ ಓಟು ಒಟ್ಟಿಗೆ ಬೀಳುತ್ತದೆ" ಎಂದು ಟಿವಿಯಲ್ಲಿ ಹೇಳಿದಾಗ ನಮಗೆ ಬೇಸರವಾಗುತ್ತದೆ. ನಮ್ಮನೆಯಲ್ಲೇ ನಾನಿ ಒಂದು ಕಡೆ, ಮಾಮೂ ಒಂದು ಕಡೆ. ನಮ್ಮ ಬಗ್ಗೆ ಬೇಡವೆನ್ನುವ ಲೆಕ್ಕವನ್ನು ನಾವು ಕಾರ್ಮಿಕರ ಬಗ್ಗೆ ಏಕೆ ಹಾಕಬೇಕು?

ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನಾನು ಹಾಕಿದ್ದೇನೆ, ನೀವೂ ಹಾಕಿ. ಆಮೇಲೆ ಮನೆಯಲ್ಲಿ ದುಡಿಯುವವರನ್ನು ಯಾರಿಗೆ ಓಟು ಹಾಕಿದಿರಿ ಎಂದು ಕೇಳಬೇಡಿ, ಏನು ನೋಡಿ ಹಾಕುತ್ತೀರಿ ಎಂದು ಕೇಳಿ.