ಕೋವಿ ಊರಲ್ಲೇ ಇರಲಿ, ಗಡಿ ದಾಟುವುದು ಬೇಡ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕೋವಿ ಪರವಾನಗಿದಾರರಲ್ಲಿ ಕಳಕಳಿಯ ಮನವಿ



ರಾತ್ರಿ ಗದ್ದೆಗೆ ಇಳಿಯುವ ಹಂದಿ ಹಿಂಡನ್ನು ಬೆದರಿಸಲು ಒಂದು ಈಡು ಬೇಕೇ ಬೇಕು. ಅದಕ್ಕೆಂದೇ ನಮ್ಮ ಭಾಗದ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಗೋವಾಕ್ಕೋ ಕೇರಳಕ್ಕೋ ಹೊರಟಾಗ "ದಾರಿಗೆ ಇರಲಿ" ಎಂದು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಡುವುದು, ಪಿಸ್ತೂಲು ಇದ್ದವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಬೇರೆ ವಿಷಯ. ದಯವಿಟ್ಟು ಅದನ್ನು ಬಿಡಿ.

ಕಪಾಟಿನಲ್ಲಿರುವ ಪರವಾನಗಿ ಪುಸ್ತಕವನ್ನು ಇವತ್ತೇ ತೆರೆದು ನೋಡಿ. ನಿಮ್ಮ ಫೋಟೊ, ಕೋವಿಯ ನಂಬರು, ಇಟ್ಟುಕೊಳ್ಳಬಹುದಾದ ತೋಟಾಗಳ ಲೆಕ್ಕ, ಇವುಗಳ ಜೊತೆಗೆ ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ಬರೆದಿರುತ್ತಾರೆ. ನವೀಕರಣದ ತಾರೀಖನ್ನು ನೋಡಿದಷ್ಟು ಜಾಗ್ರತೆಯಿಂದ ಆ ಸಾಲನ್ನು ಯಾರೂ ನೋಡುವುದಿಲ್ಲ. ಅಲ್ಲಿ ಉತ್ತರ ಕನ್ನಡ ಜಿಲ್ಲೆ ಎಂದಷ್ಟೇ ಇದ್ದರೆ ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟ ಕೂಡಲೇ ನೀವು ತಪ್ಪಿತಸ್ಥರು, ಅದು ಉಡುಪಿ ಜಿಲ್ಲೆ. ಕರ್ನಾಟಕ ರಾಜ್ಯ ಎಂದಿದ್ದರೆ ಕಾರವಾರದಾಚೆಯ ಮಾಜಾಳಿಗೆ ಮುಗಿಯಿತು. ಗಡಿಯಾಚೆ ಪೋಳೆಂನಲ್ಲಿ ಗೋವಾ ಪೊಲೀಸರು ಡಿಕ್ಕಿ ತೆರೆಸಿದರೆ ಆ ಪುಸ್ತಕ ನಿಮ್ಮನ್ನು ಕಾಯುವುದಿಲ್ಲ.

ಆಗ ಪರವಾನಗಿ ಇಲ್ಲದ ಬಂದೂಕು ಎಂದೇ ಪ್ರಕರಣ ದಾಖಲಾಗಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದ ಮೇಲೆ ಇದಕ್ಕೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಮೇಲೆ ದಂಡ. ಷರತ್ತು ಮುರಿದದ್ದಷ್ಟೇ ಎಂದು ತೀರ್ಮಾನವಾದರೂ 6 ತಿಂಗಳವರೆಗೆ ಶಿಕ್ಷೆಯಾಗಬಹುದು, ಪರವಾನಗಿಯೂ ರದ್ದಾಗಬಹುದು. ಎರಡು ದಿನದ ತಿರುಗಾಟಕ್ಕಾಗಿ ಬೆಳೆ ಕಾಯುವ ಕೋವಿಯನ್ನೇ ಕಳೆದುಕೊಂಡಂತಾಗುತ್ತದೆ.

"ಮುಚ್ಚಿಟ್ಟುಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ?" ಎನ್ನುವವರಿದ್ದಾರೆ. ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿ ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳೇ ಹೇಳುತ್ತವೆ, ನಿಜ. ಜನ ಹೆದರಬಾರದೆಂದು ಆ ನಿಯಮವೇ ಹೊರತು ಪೊಲೀಸರ ಕಣ್ಣು ತಪ್ಪಿಸಲಿಕ್ಕಲ್ಲ. ಅವರು ಕೇಳಿದಲ್ಲಿ ಪರವಾನಗಿ ತೋರಿಸಲೇಬೇಕು.

ನಮ್ಮ ಊರುಗಳಿಗೆ ಗುಂಡಿನ ಸದ್ದು ಕೊಟ್ಟ ನೋವೂ ಚಿಕ್ಕದಲ್ಲ. 1996ರ ಏಪ್ರಿಲ್ 10ರಂದು ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದರು. ಇಂಥ ಊರಿನ ಗಾಡಿಯಲ್ಲಿ ಬಚ್ಚಿಟ್ಟ ಬಂದೂಕು ಸಿಕ್ಕರೆ ಅದು ಹಂದಿಗೋ ಮನುಷ್ಯನಿಗೋ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? ಉತ್ತರ ಕೊಡುತ್ತ ಠಾಣೆಯಲ್ಲಿ ಕೂರಬೇಕಾದವರು ನೀವು, ಹೊರಗೆ ಕಾಯಬೇಕಾದವರು ನಿಮ್ಮ ಮನೆಯವರು.

ವಿಮಾನ ಹತ್ತುವವರಿಗೆ ಇನ್ನೊಂದು ಮಾತು. ಕಾನೂನಿನ ಕಣ್ಣಿನಲ್ಲಿ ಬಿಡಿ ತೋಟಾ ಕೂಡ ಮದ್ದುಗುಂಡೇ. ತೋಟಕ್ಕೆ ಒಯ್ಯುತ್ತಿದ್ದ ಚೀಲದ ಮೂಲೆಯಲ್ಲಿ ಉಳಿದುಹೋದ ಒಂದೇ ತೋಟಾ ಮಂಗಳೂರಿನಲ್ಲೋ ಗೋವಾದಲ್ಲೋ ತಪಾಸಣೆಯಲ್ಲಿ ಸಿಕ್ಕಿದರೆ ದುಬೈಗೆ ಹೊರಟ ಮಗನ ಪಯಣ ಅಲ್ಲಿಗೇ ನಿಲ್ಲುತ್ತದೆ. ಆ ಚೀಲವನ್ನು ಪ್ರಯಾಣಕ್ಕೆ ಕೊಡಲೇಬೇಡಿ.

ಅಡಿಕೆ ಮಾರಿದ ಹಣ, ರಾತ್ರಿಯ ಹೆದ್ದಾರಿ, ಜೊತೆಗೆ ಹೆಂಡತಿ ಮಕ್ಕಳು: ಭಯ ಸುಳ್ಳಲ್ಲ. ಆದರೆ ಹಣಕ್ಕೆ ಬ್ಯಾಂಕ್ ಇದೆ. ಡಿಕ್ಕಿಯಲ್ಲಿ ಸುತ್ತಿಟ್ಟ ಕೋವಿ ದರೋಡೆಕೋರ ಎದುರಾದಾಗ ಕೈಗೆ ಬರುವುದಿಲ್ಲ. ಹೋಟೆಲಿನ ಮುಂದೆ ನಿಲ್ಲಿಸಿದ ಗಾಡಿಯಿಂದ ಅದು ಕಳುವಾದರೆ ಅದೇ ಕೋವಿ ಯಾರ ಎದೆಗೆ ತಿರುಗುತ್ತದೋ ಹೇಳಲಾಗದು, ನಂಬರು ಮಾತ್ರ ನಿಮ್ಮ ಹೆಸರಿನಲ್ಲೇ ಇರುತ್ತದೆ.

ಮನೆಮಂದಿಯೆಲ್ಲ ಹೊರಡುವಾಗ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಚುನಾವಣೆ ಬಂದಾಗಲೆಲ್ಲ ಮಾಡುವ ಕೆಲಸವೇ ಇದು. ಹೊರರಾಜ್ಯಕ್ಕೆ ಒಯ್ಯಲೇಬೇಕಾದ ನಿಜವಾದ ಕಾರಣವಿದ್ದವರು ಮೊದಲೇ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಪರವಾನಗಿಯ ವ್ಯಾಪ್ತಿ ವಿಸ್ತರಣೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಹೊರಡಲಿ. ಜಿಲ್ಲಾಡಳಿತಕ್ಕೂ ನಮ್ಮ ಒತ್ತಾಯವಿದೆ: ನವೀಕರಣದ ಹೊತ್ತಿಗೆ ಪ್ರತಿಯೊಬ್ಬ ಪರವಾನಗಿದಾರನಿಗೂ ಅವನ ಕೋವಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದುಕೊಡಬೇಕು.

ಈ ಕರಪತ್ರ ಓದಿದವರು ಪಕ್ಕದ ಮನೆಯ ಕೋವಿದಾರನಿಗೆ ಓದಿ ಹೇಳಿ. ಮುಂದಿನ ಪ್ರಯಾಣಕ್ಕೆ ಗಾಡಿ ಹತ್ತುವ ಮೊದಲು ಡಿಕ್ಕಿ, ಸೀಟಿನಡಿ, ಚೀಲದ ಮೂಲೆಗಳನ್ನು ಒಮ್ಮೆ ನೋಡಿಕೊಳ್ಳಿ.